ನಿನ್ನ ನಾಮ, ನಿಮ್ಮ ನಾಮ

2013ರ ಜನವರಿ. ಬೆಂಗಳೂರಿನ ಒಂದು ಸಿಎಸ್ಐ, ಅಂದರೆ ದಕ್ಷಿಣ ಇಂಡಿಯಾ ಸಭೆಯ ದೇವಾಲಯದಲ್ಲಿ ಐಕ್ಯತಾ ವಾರದ ಸಂಜೆ ಆರಾಧನೆ. ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಬೇರೆ ಬೇರೆ ಸಭೆಗಳ ಕ್ರೈಸ್ತರು ಒಟ್ಟಾಗಿ ಪ್ರಾರ್ಥಿಸುತ್ತಾರಲ್ಲ, ಅದೇ ವಾರ. ಆವತ್ತು ನಮ್ಮ ಬೆಂಚುಗಳಲ್ಲಿ ಕ್ಯಾಥೊಲಿಕರಿದ್ದರು, ಮೆಥಡಿಸ್ಟರಿದ್ದರು, ಮಾರ್ಥೋಮ ಸಭೆಯವರಿದ್ದರು. ಹಿಂದಿನ ಸಾಲಿನಲ್ಲಿ ಲೂಥರನ್ ಸಭೆಯ ನಾಲ್ಕೈದು ಹುಡುಗರು. ಹಾಡು ಆಯಿತು, ವಾಕ್ಯ ಓದಿದ್ದಾಯಿತು, ಪ್ರಸಂಗವೂ ಆಯಿತು. ಕೊನೆಗೆ ಅಯ್ಯನವರು, "ಕರ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಾಗಿ ಹೇಳೋಣ" ಎಂದರು. ಎಲ್ಲರೂ ಎದ್ದು ನಿಂತೆವು.

ಮೊದಲ ಸಾಲಿನಲ್ಲೇ ದನಿ ಎರಡಾಯಿತು. ನಾವು "ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ" ಎಂದೆವು. ಪಕ್ಕದ ಬೆಂಚಿನವರು "ನಿಮ್ಮ ನಾಮ ಪೂಜಿತವಾಗಲಿ" ಎಂದರು. ಅವರ ಸಾಲು ಚಿಕ್ಕದು, ನಮ್ಮದು ಉದ್ದ. ಅವರು ಮುಂದಕ್ಕೆ ಹೋದರು, ನಾವು ಹಿಂದೆ ಬಿದ್ದೆವು. ಅವರು ನಿಂತು ಕಾದರು, ಅಷ್ಟರಲ್ಲಿ ನಾವು ಅವಸರ ಮಾಡಿ ಅವರನ್ನು ದಾಟಿಬಿಟ್ಟೆವು. ಕೊನೆಯಲ್ಲಿ ಇನ್ನೂ ಒಂದು. "ಕೇಡಿನಿಂದ ರಕ್ಷಿಸಿ" ಎನ್ನುವಲ್ಲಿಗೆ ಕ್ಯಾಥೊಲಿಕರ ಪ್ರಾರ್ಥನೆ ಮುಗಿಯುತ್ತದೆ. ನಮ್ಮಲ್ಲಿ "ರಾಜ್ಯವೂ ಬಲವೂ ಮಹಿಮೆಯೂ" ಎಂದು ಬಾಲ ಇದೆ. ಅವರ ಪೂಜೆಯಲ್ಲೂ ಆ ಮಾತು ಬರುತ್ತದೆ. ಆದರೆ ನಡುವೆ ಗುರುಗಳು ಬೇರೊಂದು ಪ್ರಾರ್ಥನೆ ಹೇಳಿದ ಮೇಲೆ ಬರುತ್ತದೆ. ಹಾಗಾಗಿ ಅರ್ಧ ಜನ ಆಮೆನ್ ಅಂದು ಕಣ್ಣು ಬಿಟ್ಟರು, ಇನ್ನರ್ಧ ಜನ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದೆವು. ನನ್ನ ಪಕ್ಕದಲ್ಲಿ ಒಬ್ಬರು ವಯಸ್ಸಾದ ಕ್ಯಾಥೊಲಿಕ್ ಅಮ್ಮ ಇದ್ದರು. ಜಪಸರ ಸುತ್ತಿಕೊಂಡ ಕೈಯನ್ನು ಮತ್ತೆ ಜೋಡಿಸಿ, ನಾವು ಮುಗಿಸುವವರೆಗೂ ತಲೆ ಬಗ್ಗಿಸಿ ನಿಂತಿದ್ದರು.

ಆ ಎರಡು ನಿಮಿಷ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಒಂದೇ ದೇವರು, ಒಂದೇ ಭಾಷೆ, ಒಂದೇ ಪ್ರಾರ್ಥನೆ. ಆದರೂ ಕೂಡಿ ಹೇಳಲು ಆಗಲಿಲ್ಲ. ನಮ್ಮ ಹಳೆಯ ಅನುವಾದದಲ್ಲಿ ದೇವರು 'ನೀನು'. ಕ್ಯಾಥೊಲಿಕರಿಗೆ ದೇವರು 'ನೀವು'. ನಮ್ಮ ಬೈಬಲಿನಲ್ಲಿ ಯೇಸು 'ಹೇಳಿದನು', ಅವರಲ್ಲಿ ಯೇಸುಸ್ವಾಮಿ 'ಹೇಳಿದರು'. ಇದರಲ್ಲಿ ಯಾವುದು ಸರಿ ಎಂದು ಚಿಕ್ಕವಳಿದ್ದಾಗ ಅಮ್ಮನನ್ನು ಕೇಳಿದ್ದೆ. "ನನ್ನನ್ನ ನೀನು ಅಂತೀಯ, ಅಪ್ಪನನ್ನ ನೀವು ಅಂತೀಯ. ಇಬ್ಬರಲ್ಲಿ ಯಾರ ಮೇಲೆ ಪ್ರೀತಿ ಕಡಿಮೆ?" ಎಂದು ಅಮ್ಮ ತಿರುಗಿ ಕೇಳಿದ್ದಳು. ದೇವಶಾಸ್ತ್ರ ಓದಿದ ಎಷ್ಟೋ ಜನರ ಮಾತು ಆಮೇಲೆ ಕೇಳಿದ್ದೇನೆ. ಈ ವಿಷಯದಲ್ಲಿ ಅಮ್ಮನಷ್ಟು ಚೆನ್ನಾಗಿ ಯಾರೂ ಹೇಳಿದ್ದು ನೆನಪಿಲ್ಲ.

ಆ ವರ್ಷದ ಹಾಳೆಗಳು

ಆವತ್ತು ನಮ್ಮ ಕೈಯಲ್ಲಿದ್ದ ಆರಾಧನೆಯ ಹಾಳೆಗಳ ಬಗ್ಗೆ ಹೇಳಲೇಬೇಕು. ಈ ವಾರದ ಪ್ರಾರ್ಥನೆಗಳನ್ನು 1968ರಿಂದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ (ಲೋಕದ ಪ್ರೊಟೆಸ್ಟೆಂಟ್, ಆರ್ಥೊಡಾಕ್ಸ್ ಸಭೆಗಳ ಒಕ್ಕೂಟ) ಮತ್ತು ವ್ಯಾಟಿಕನ್ ಸೇರಿಯೇ ತಯಾರಿಸುತ್ತವೆ. ಪ್ರತಿ ವರ್ಷ ಒಂದೊಂದು ದೇಶದ ಕ್ರೈಸ್ತರು ಮೊದಲ ಕರಡು ಬರೆದುಕೊಡುತ್ತಾರೆ. 2013ರ ಕರಡು ಬರೆದದ್ದು ನಮ್ಮ ದೇಶದ ವಿದ್ಯಾರ್ಥಿಗಳ ಸಂಘಟನೆ, ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್. 1912ರಲ್ಲಿ ಹುಟ್ಟಿದ ಈ ಸಂಘಟನೆಯ ಕಚೇರಿ ಇರುವುದು ಬೆಂಗಳೂರಿನಲ್ಲೇ. ನೂರು ವರ್ಷ ತುಂಬಿದ ನೆಪದಲ್ಲಿ ಅವರಿಗೆ ಆ ಕೆಲಸ ಸಿಕ್ಕಿತ್ತು. ಕ್ಯಾಥೊಲಿಕ್ ವಿದ್ಯಾರ್ಥಿಗಳ ಸಂಘ ಐಕಫ್ ಮತ್ತು ನಮ್ಮ ದೇಶದ ಪ್ರೊಟೆಸ್ಟೆಂಟ್, ಆರ್ಥೊಡಾಕ್ಸ್ ಸಭೆಗಳ ಒಕ್ಕೂಟವಾದ ನಾಗಪುರದ ಎನ್‌ಸಿಸಿಐ ಕೂಡ ಜೊತೆ ಕೊಟ್ಟವು.

ಆ ಹುಡುಗ ಹುಡುಗಿಯರು ಆರಿಸಿಕೊಂಡದ್ದು ಬೈಬಲಿನ ಪ್ರವಾದಿ ಮೀಕನ ಪುಸ್ತಕದ ಆರನೆಯ ಅಧ್ಯಾಯ. ದೇವರ ಮುಂದೆ ಏನು ತಗೊಂಡು ಬರಲಿ, ಸಾವಿರ ಟಗರುಗಳನ್ನೋ, ಎಣ್ಣೆಯ ಹೊಳೆಗಳನ್ನೋ ಎಂದು ಒಬ್ಬ ಕೇಳುತ್ತಾನೆ. ಅದ್ಯಾವುದೂ ಬೇಡ, ನ್ಯಾಯ ನಡೆಸು, ಕರುಣೆ ಇಟ್ಟುಕೋ, ನಿನ್ನ ದೇವರ ಮುಂದೆ ತಗ್ಗಿ ನಡೆ, ಅಷ್ಟೇ ಸಾಕು ಎಂದು ಉತ್ತರ ಬರುತ್ತದೆ. ಈ ಮಾತನ್ನು ಅವರು ನೇರವಾಗಿ ದಲಿತರ ಬದುಕಿಗೆ ತಂದಿಟ್ಟರು. ಜಾತಿ ಸಭೆಯ ಒಳಗೂ ಇದೆ, ಅದನ್ನು ಮುಟ್ಟದೆ ಐಕ್ಯತೆ ಎಂದರೆ ಅರ್ಥವಿಲ್ಲ ಎಂದು ಬರೆದರು. ಎಂಟು ದಿನಕ್ಕೂ 'ನಡೆಯುವುದು' ಎಂಬ ಒಂದೇ ಪದ ಹಿಡಿದುಕೊಂಡರು. ಮಾತಾಡುತ್ತಾ ನಡೆಯುವುದು, ಕ್ರಿಸ್ತನ ಮುರಿದ ದೇಹದ ಜೊತೆ ನಡೆಯುವುದು, ಬಿಡುಗಡೆಯ ಕಡೆಗೆ ನಡೆಯುವುದು, ಹೀಗೆ. ಐದನೆಯ ದಿನದ್ದು ಯೇಸುವಿನ ಸ್ನೇಹಿತರಾಗಿ ನಡೆಯುವುದು.

ಇದನ್ನೇ ಆ ವಾರ ರೋಮಿನಲ್ಲಿ ಓದಿದರು, ಜಿನೀವಾದಲ್ಲಿ ಓದಿದರು, ನಾವು ಹೆಸರೂ ಕೇಳದ ಎಷ್ಟೋ ಊರುಗಳಲ್ಲಿ ಓದಿದರು. ನಮ್ಮ ಕೇರಿಗಳ ನೋವು ಹಾಗೆ ಲೋಕದ ಎಲ್ಲ ಸಭೆಗಳ ಬಾಯಲ್ಲಿ ಪ್ರಾರ್ಥನೆಯಾಯಿತು. ನನಗೆ ಅದು ತುಂಬಾ ದೊಡ್ಡ ವಿಷಯ. ಆದರೆ ಬೆಂಗಳೂರಿನಲ್ಲಿ ಅದನ್ನು ಓದಿದ ನಾವು, ಓದಿ ಮುಗಿಸಿ, ಹಾಲ್‌ನಲ್ಲಿ ಕಾಫಿ ಕುಡಿದು, 'ಮುಂದಿನ ಜನವರಿಯಲ್ಲಿ ಸಿಗೋಣ' ಎಂದು ಹೊರಟೆವು. ವರ್ಷದ ಐವತ್ತೆರಡು ವಾರದಲ್ಲಿ ಒಂದು ವಾರ ಜೊತೆಗೆ, ಐವತ್ತೊಂದು ವಾರ ಬೇರೆ ಬೇರೆ. ಯಾಕೆ ಹೀಗೆ ಎಂದು ಹತ್ತು ವರ್ಷಕ್ಕೂ ಜಾಸ್ತಿ ಯೋಚಿಸಿದ್ದೇನೆ.

"ನಮಗೆ ಸ್ನೇಹಿತರನ್ನು ಕೊಡಿ"

ಯೋಚಿಸಿದಾಗಲೆಲ್ಲ ನಾನು ಹೋಗಿ ನಿಲ್ಲುವುದು ವಿ.ಎಸ್. ಅಜರಾಯ ಅವರ ಹತ್ತಿರ. ತಿರುನೆಲ್ವೇಲಿ ಕಡೆಯವರು. 1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಮಿಶನರಿಗಳ ದೊಡ್ಡ ಸಮ್ಮೇಳನ ನಡೆಯಿತು. ಸಭೆಗಳ ಐಕ್ಯತೆಯ ಚಳವಳಿ ಶುರುವಾದದ್ದೇ ಅಲ್ಲಿ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಸಾವಿರದ ಇನ್ನೂರು ಚಿಲ್ಲರೆ ಪ್ರತಿನಿಧಿಗಳು. ಅದರಲ್ಲಿ ಏಷ್ಯಾದವರು ಇಪ್ಪತ್ತು ಜನರೂ ಇರಲಿಲ್ಲ. ಮೂವತ್ತೈದು ವರ್ಷದ ಅಜರಾಯ ಅವರು ಎದ್ದು ನಿಂತು, ಮಿಶನರಿಗಳಿಗೂ ಇಂಡಿಯಾದ ಕೆಲಸಗಾರರಿಗೂ ನಡುವೆ ಇರುವ ದೂರದ ಬಗ್ಗೆ ಮಾತಾಡಿದರು. ಕೊನೆಗೆ ಹೇಳಿದ್ದು ಇಷ್ಟು: ನೀವು ನಿಮ್ಮ ಆಸ್ತಿಯನ್ನು ಬಡವರಿಗೆ ಕೊಟ್ಟಿದ್ದೀರಿ, ದೇಹವನ್ನು ಸುಡುವುದಕ್ಕೂ ಕೊಟ್ಟಿದ್ದೀರಿ. ನಾವು ಪ್ರೀತಿಯನ್ನೂ ಕೇಳುತ್ತೇವೆ. ನಮಗೆ ಸ್ನೇಹಿತರನ್ನು ಕೊಡಿ.

ಹಣ ಕೊಡಿ ಎನ್ನಲಿಲ್ಲ, ಅಧಿಕಾರ ಕೊಡಿ ಎನ್ನಲಿಲ್ಲ. ಸಭೆಗಳ ಐಕ್ಯತೆಗೆ ಬೇಕಾದ ಮೊದಲ ಸಾಮಾನು ಯಾವುದು ಎಂದು ಅವರಿಗೆ ಗೊತ್ತಿತ್ತು. ಒಪ್ಪಂದ ಬರೆಯುವುದಕ್ಕೆ ಮೊದಲು ಒಂದೇ ಮೇಜಿನಲ್ಲಿ ಕೂತು ಊಟ ಮಾಡಿರಬೇಕು. ಎರಡು ವರ್ಷದ ನಂತರ, 1912ರಲ್ಲಿ, ಅವರು ತೆಲುಗು ನಾಡಿನ ದೋರ್ನಕಲ್‌ಗೆ ಬಿಷಪ್ ಆದರು, ಆಂಗ್ಲಿಕನ್ ಸಭೆಯ ಮೊದಲ ಇಂಡಿಯನ್ ಬಿಷಪ್. 1919ರ ಮೇ ತಿಂಗಳಲ್ಲಿ ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ ಮೂವತ್ಮೂರು ಜನ ಸೇರಿದರು. ಇಬ್ಬರನ್ನು ಬಿಟ್ಟು ಎಲ್ಲರೂ ನಮ್ಮ ದೇಶದವರೇ. 1706ರಲ್ಲಿ ಮೊದಲ ಪ್ರೊಟೆಸ್ಟೆಂಟ್ ಮಿಶನರಿಗಳು ಬಂದಿಳಿದ ಊರು ಅದು. ಅದೇ ಕಡಲ ತೀರದಲ್ಲಿ ಕೂತು ಇವರು, ಈ ಒಡಕುಗಳನ್ನು ನಾವು ಮಾಡಿಕೊಂಡಿದ್ದಲ್ಲ, ಹೊರಗಿನಿಂದ ನಮ್ಮ ಮೇಲೆ ಬಂದದ್ದು, ಇದನ್ನು ಮುಂದುವರಿಸಲು ನಮಗೆ ಇಷ್ಟವಿಲ್ಲ ಎಂದು ಬರೆದುಕೊಟ್ಟರು.

ಎಷ್ಟು ನಿಜವಾದ ಮಾತು ನೋಡಿ. ನಮ್ಮ ಕನ್ನಡ ನಾಡನ್ನೇ ತೆಗೆದುಕೊಳ್ಳಿ. ಮಂಗಳೂರು, ಧಾರವಾಡ, ಹುಬ್ಬಳ್ಳಿ ಕಡೆ ಬಾಸೆಲ್ ಮಿಶನ್. ಮೈಸೂರು, ತುಮಕೂರು ಕಡೆ ವೆಸ್ಲಿಯನ್ ಮೆಥಡಿಸ್ಟರು. ಬಳ್ಳಾರಿಯಲ್ಲಿ ಲಂಡನ್ ಮಿಶನ್. ಮಿಶನ್‌ಗಳು ಜಿಲ್ಲೆ ಜಿಲ್ಲೆ ಹಂಚಿಕೊಂಡಿದ್ದವು. ಜಗಳ ಬೇಡ ಎಂದು ಮಾಡಿಕೊಂಡ ವ್ಯವಸ್ಥೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಫಲ ಏನು? ಒಬ್ಬ ಮನುಷ್ಯ ಯಾವ ನಂಬಿಕೆಯ ಕ್ರೈಸ್ತ ಎನ್ನುವುದು ಅವನು ಹುಟ್ಟಿದ ತಾಲೂಕಿನ ಮೇಲೆ ನಿರ್ಧಾರ ಆಗುತ್ತಿತ್ತು. ಜರ್ಮನಿಯ ಲೂಥರ್, ಜಿನೀವಾದ ಕ್ಯಾಲ್ವಿನ್, ಇಂಗ್ಲೆಂಡಿನ ವೆಸ್ಲಿ ಯಾಕೆ ಬೇರೆಯಾದರು ಎಂದು ತುಮಕೂರಿನ ಅಜ್ಜಿಗೂ ಗೊತ್ತಿರಲಿಲ್ಲ, ಉಡುಪಿಯ ಅಜ್ಜನಿಗೂ ಗೊತ್ತಿರಲಿಲ್ಲ. ಅವರ ಮೊಮ್ಮಕ್ಕಳು ಕೆಲಸಕ್ಕೆ ಬೆಂಗಳೂರಿಗೆ ಬಂದಾಗ ಮಾತ್ರ, ಯಾವ ಸಭೆಗೆ ಹೋಗುವುದು ಎಂಬ ಪ್ರಶ್ನೆ ಎದುರಾಗುತ್ತಿತ್ತು.

ತರಂಗಂಬಾಡಿಯಿಂದ ದಕ್ಷಿಣ ಇಂಡಿಯಾ ಸಭೆ ಹುಟ್ಟುವವರೆಗೆ ಇಪ್ಪತ್ತೆಂಟು ವರ್ಷ ಹಿಡಿಯಿತು. ಬಿಷಪ್ ಇರಬೇಕೋ ಬೇಡವೋ, ಬಿಷಪ್ ಕೈಯಿಟ್ಟು ಅಭಿಷೇಕ ಮಾಡದ ಪಾದ್ರಿ ಪಾದ್ರಿಯೇ ಹೌದೋ ಅಲ್ಲವೋ, ಇದೇ ದೊಡ್ಡ ಗಂಟು. ಕೊನೆಗೆ ಯಾರಿಗೂ ಮತ್ತೊಮ್ಮೆ ಅಭಿಷೇಕ ಮಾಡುವುದು ಬೇಡ, ಇರುವವರನ್ನು ಇರುವಂತೆಯೇ ಒಪ್ಪಿಕೊಳ್ಳೋಣ ಎಂದು ತೀರ್ಮಾನಿಸಿದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಮೊದಲೇ ಕೂಡಿಕೊಂಡಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರು ಒಂದಾದರು. ದೇಶ ಎರಡಾಗಿ ಬರೀ ಆರು ವಾರ ಆಗಿತ್ತು. ಪಂಜಾಬಿನಲ್ಲಿ ರೈಲುಗಳು ಹೆಣ ಹೊತ್ತು ಬರುತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಈ ದೇಶದ ಒಂದು ಮೂಲೆಯಲ್ಲಿ ಕೆಲವರು ಗೋಡೆ ಕೆಡವುತ್ತಿದ್ದರು ಎಂದು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ. ಅಜರಾಯ ಅವರು ಅದನ್ನು ನೋಡಲಿಲ್ಲ. 1945ರ ಜನವರಿ 1ರಂದೇ ತೀರಿಕೊಂಡಿದ್ದರು.

ದೊಡ್ಡಮ್ಮನ ಬೆಂಚು

ಇಷ್ಟೆಲ್ಲ ಆದರೂ ಅದು ಪ್ರೊಟೆಸ್ಟೆಂಟರ ನಡುವಿನ ಮಾತು. ನಮ್ಮ ಕರಾವಳಿಯಲ್ಲಿ ಕ್ಯಾಥೊಲಿಕರು ಮತ್ತು ನಾವು ಒಂದೇ ಬೀದಿಯ ಎರಡು ಲೋಕ. ಅವರ ಮನೆಮಾತು ಕೊಂಕಣಿ, ನಮ್ಮದು ತುಳು ಮತ್ತು ಕನ್ನಡ. ಅವರದು ಇಗರ್ಜಿ, ನಮ್ಮದು ದೇವಾಲಯ. ಅವರಿಗೆ ಪೂಜೆ, ನಮಗೆ ಆರಾಧನೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಐಕ್ಯತೆಯ ಬಗ್ಗೆ ಆದೇಶ ಹೊರಡಿಸುವವರೆಗೂ ಕ್ಯಾಥೊಲಿಕರು ನಮ್ಮ ಆರಾಧನೆಯಲ್ಲಿ ಸೇರಿಕೊಳ್ಳುವುದು ಅವರ ನಿಯಮಕ್ಕೆ ವಿರುದ್ಧವಾಗಿತ್ತು. ನಮ್ಮ ಹಿರಿಯರೂ ಕಡಿಮೆ ಇರಲಿಲ್ಲ. 'ಅವರು ವಿಗ್ರಹ ಪೂಜಿಸುವವರು' ಎಂದು ಮಕ್ಕಳಿಗೆ ಹೇಳಿಕೊಟ್ಟವರು ನಮ್ಮಲ್ಲಿ ಬೇಕಾದಷ್ಟು ಜನ.

ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಎಪ್ಪತ್ತರ ದಶಕದಲ್ಲಿ ಒಬ್ಬ ಕ್ಯಾಥೊಲಿಕ್ ಹುಡುಗನನ್ನು ಮದುವೆಯಾದರು. ಎರಡೂ ಕಡೆ ಮನೆಯಲ್ಲಿ ಗಲಾಟೆ ಆಗಿತ್ತಂತೆ. ಆಮೇಲೆ ತಣ್ಣಗಾಯಿತು. ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಿದರು. ದೊಡ್ಡಮ್ಮ ಮಾತ್ರ ತನ್ನ ಸಭೆ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲರೂ ಒಂದೇ ರಿಕ್ಷಾದಲ್ಲಿ ಹೊರಡುವರು. ದೊಡ್ಡಪ್ಪ ಮತ್ತು ಮೂರು ಮಕ್ಕಳು ಇಗರ್ಜಿಯ ಮುಂದೆ ಇಳಿಯುವರು. ದೊಡ್ಡಮ್ಮ ಅದೇ ರಿಕ್ಷಾದಲ್ಲಿ ಮುಂದೆ ಹೋಗಿ, ಗುಡ್ಡ ಹತ್ತಿ, ಒಬ್ಬಳೇ ನಮ್ಮ ದೇವಾಲಯಕ್ಕೆ ಬರುವರು. ಕೈಯಲ್ಲಿ ಬೈಬಲ್, ಸಂಗೀತದ ಪುಸ್ತಕ, ಎರಡನ್ನೂ ಸುತ್ತಿದ ಬಿಳಿ ಕರ್ಚೀಫು.

ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡಪ್ಪ ತೀರಿಕೊಂಡರು. ತಿಂಗಳ ಪೂಜೆಗೆ ನಾವೆಲ್ಲ ಹೋಗಿದ್ದೆವು. ದೊಡ್ಡಮ್ಮ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಮಕ್ಕಳು, ಆಚೆ ತುದಿಯಲ್ಲಿ ದೊಡ್ಡಪ್ಪನ ತಾಯಿ. ಎಂಬತ್ತು ದಾಟಿದ ಮುದುಕಿ, ದೊಡ್ಡಮ್ಮ ಅವರನ್ನು ಕರೆಯುತ್ತಿದ್ದದ್ದು ಮಾಂಯ್ ಅಂತ. ಪೂಜೆಯ ರೊಟ್ಟಿ, ಅಂದರೆ ಪರಮ ಪ್ರಸಾದ ಕೊಡುವ ಹೊತ್ತು ಬಂತು. ಜನ ಸಾಲಾಗಿ ಎದ್ದರು. ಮಕ್ಕಳೂ ಎದ್ದರು. ಕ್ಯಾಥೊಲಿಕ್ ಅಲ್ಲದ ದೊಡ್ಡಮ್ಮ ಪರಮ ಪ್ರಸಾದ ತೆಗೆದುಕೊಳ್ಳುವ ಹಾಗಿಲ್ಲ. ಅದು ಅವರಿಗೂ ಗೊತ್ತು, ಗುರುಗಳಿಗೂ ಗೊತ್ತು, ಇಡೀ ಇಗರ್ಜಿಗೂ ಗೊತ್ತು. ಬೆಂಚು ಇಕ್ಕಟ್ಟಾಗಿತ್ತು. ದೊಡ್ಡಮ್ಮ ಮೊಣಕಾಲನ್ನು ಓರೆ ಮಾಡಿ ದಾರಿ ಬಿಟ್ಟರು. ಮೂರು ಮಕ್ಕಳೂ ಅವರ ಮೊಣಕಾಲು ದಾಟಿಕೊಂಡು ಹೊರಗೆ ಹೋದರು. ಗಂಡನ ಹೆಸರಿನ ಪೂಜೆ. ಅವರು ಹೆತ್ತ ಮಕ್ಕಳು. ಅವರೊಬ್ಬರೇ ಬೆಂಚಿನಲ್ಲಿ. ಹಿಂದಿನ ಸಾಲಿನಿಂದ ನನಗೆ ಕಂಡದ್ದು ಅವರ ಬೆನ್ನು, ಬಿಳಿ ಸೀರೆಯ ಸೆರಗು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದ ಕೈ.

ಆಗ ನೋಡಿದೆ. ಮಾಂಯ್ ಎದ್ದಿರಲಿಲ್ಲ. ಒಬ್ಬ ಮೊಮ್ಮಗ ಕೈ ಚಾಚಿ, ಏಳಿ ಎಂದು ಸನ್ನೆ ಮಾಡಿದ. ಅವರು ತಲೆ ಅಲ್ಲಾಡಿಸಿದರು. ಬೆಂಚಿನ ಮೇಲೆ ಕೈಯೂರಿ, ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಸರಿಯುತ್ತಾ ಸೊಸೆಯ ಪಕ್ಕ ಬಂದು ಕೂತರು. "ಹಾಂವ್ ಆಸಾಂ" ಎಂದರು. ನಾನಿದ್ದೇನೆ ಅಂತ. ಇಬ್ಬರೂ ಹಾಗೇ ಕೂತಿದ್ದರು, ಸಾಲು ಮುಗಿಯುವವರೆಗೂ. ದಿನಾ ಪೂಜೆಗೆ ಹೋಗಿ ಪ್ರಸಾದ ತೆಗೆದುಕೊಳ್ಳುತ್ತಿದ್ದ ಮುದುಕಿ ಅವರು. ಆವತ್ತು ಮಗನ ಪೂಜೆಯಲ್ಲೇ ಅದನ್ನು ಬಿಟ್ಟರು.

ಕ್ಯಾಥೊಲಿಕ್ ಸಭೆಯ ನಿಯಮವನ್ನು ದೂರಲು ಇದನ್ನು ಬರೆಯುತ್ತಿಲ್ಲ. ಒಂದೇ ಮೇಜಿನಲ್ಲಿ ಕೂರುವ ಮೊದಲು ಒಂದೇ ನಂಬಿಕೆ ಇರಬೇಕು ಎಂಬ ಅವರ ವಾದಕ್ಕೆ ಅದರದೇ ತೂಕ ಇದೆ. ಅದನ್ನು ನಾನು ಗೌರವಿಸುತ್ತೇನೆ. ಇದೇ ಗಂಟನ್ನು ಬಿಡಿಸಲು ದೊಡ್ಡ ದೊಡ್ಡವರು ಹೆಣಗಿದ್ದಾರೆ. ವರ್ಲ್ಡ್ ಕೌನ್ಸಿಲ್‌ನಲ್ಲಿ ಸಭೆಗಳ ನಂಬಿಕೆಯ ಭೇದಗಳನ್ನು ಚರ್ಚಿಸುವ ಫೇಯ್ತ್ ಆಂಡ್ ಆರ್ಡರ್ ಆಯೋಗದಲ್ಲಿ ಕ್ಯಾಥೊಲಿಕರೂ ಪೂರ್ಣ ಸದಸ್ಯರು. 1978ರಲ್ಲಿ ಆ ಆಯೋಗ ಬೆಂಗಳೂರಿನಲ್ಲೇ ಸೇರಿತ್ತು. 1982ರಲ್ಲಿ ಪೆರು ದೇಶದ ಲಿಮಾದಲ್ಲಿ ದೀಕ್ಷಾಸ್ನಾನ, ಪ್ರಭುಭೋಜನ, ಪಾದ್ರಿಗಳ ಸೇವೆ ಈ ಮೂರರ ಬಗ್ಗೆ ಎಲ್ಲರೂ ಎಷ್ಟು ದೂರ ಒಪ್ಪಬಹುದು ಎಂದು ಒಂದು ದಾಖಲೆ ಮಾಡಿದರು. ಎಷ್ಟೋ ವರ್ಷದ ತಾಳ್ಮೆಯ ಕೆಲಸ ಅದು. ಅದರ ಬೆಲೆ ನನಗೆ ಗೊತ್ತು. ಆದರೆ ಆ ದಾಖಲೆಯ ಪುಟ ತಿರುಗಿಸುವಾಗೆಲ್ಲ ನನಗೆ ಬೆಂಚಿನ ಮೇಲೆ ಸರಿಯುತ್ತಾ ಬಂದ ಮಾಂಯ್ ನೆನಪಾಗುತ್ತಾರೆ. ಅಜರಾಯ ಅವರು ಕೇಳಿದ್ದು ಇದನ್ನೇ ಅಲ್ವಾ?

ದೂರದ ನ್ಯಾಯ, ಹತ್ತಿರದ ನ್ಯಾಯ

ಬೆಂಗಳೂರಿನ ಮಿಲ್ಲರ್ಸ್ ರೋಡಿನಲ್ಲಿ ಓಡಾಡುವವರಿಗೆ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಗೇಟು ಗೊತ್ತಿರುತ್ತದೆ. 1910ರಲ್ಲಿ ಬೇರೆ ಬೇರೆ ಮಿಶನ್‌ಗಳು ಸೇರಿ ಕಟ್ಟಿದ ಕಾಲೇಜು. ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆ 1957ರಲ್ಲಿ ಪಿ.ಡಿ. ದೇವನಂದನ್ ಶುರು ಮಾಡಿದ ಸಂಸ್ಥೆಯೂ ಬೆಂಗಳೂರಿನದೇ. ಅವರ ನಂತರ ಅದನ್ನು ನಡೆಸಿದವರು ಎಂ.ಎಂ. ಥಾಮಸ್. ಮಾರ್ಥೋಮ ಸಭೆಯವರು, ಪಾದ್ರಿಯಲ್ಲ, ಸಾಮಾನ್ಯ ಸಭಿಕ. ಅಂಥವರು 1968ರಿಂದ 1975ರವರೆಗೆ ವರ್ಲ್ಡ್ ಕೌನ್ಸಿಲ್‌ನ ಕೇಂದ್ರ ಸಮಿತಿಯ ಮಾಡರೇಟರ್, ಅಂದರೆ ಅಧ್ಯಕ್ಷರಾಗಿದ್ದರು.

ಅವರ ಕಾಲದಲ್ಲೇ ಕೌನ್ಸಿಲ್ ವರ್ಣಭೇದದ ವಿರುದ್ಧ ಹೊಸ ಕಾರ್ಯಕ್ರಮ ಶುರು ಮಾಡಿತು. 1970ರಲ್ಲಿ ಅದರ ನಿಧಿಯಿಂದ 19 ಸಂಘಟನೆಗಳಿಗೆ ಒಟ್ಟು 2 ಲಕ್ಷ ಡಾಲರ್ ಕೊಟ್ಟಿತು. ಅವುಗಳಲ್ಲಿ ದಕ್ಷಿಣ ಆಫ್ರಿಕಾ ಭಾಗದ ವಿಮೋಚನಾ ಚಳವಳಿಗಳೂ ಇದ್ದವು. ಹಣ ಆಸ್ಪತ್ರೆ, ಶಾಲೆ, ನಿರಾಶ್ರಿತರ ಊಟಕ್ಕೆ ಎಂದು ಹೇಳಿದ್ದರೂ, ಬಂದೂಕು ಹಿಡಿದವರಿಗೆ ಸಭೆಯ ಕಾಣಿಕೆ ಹೋಗಬಹುದೇ ಎಂದು ದೊಡ್ಡ ಗದ್ದಲ ಎದ್ದಿತು. ಅಂಥದೇ ಇನ್ನೊಂದು ನೆರವಿನ ಕಾರಣಕ್ಕೆ 1978ರಲ್ಲಿ ಸಾಲ್ವೇಶನ್ ಆರ್ಮಿ ತನ್ನ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟಿತು. ಆದರೂ ಕೌನ್ಸಿಲ್ ಹಿಂದೆ ಸರಿಯಲಿಲ್ಲ. ಅದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ. ಎಲ್ಲರನ್ನೂ ಜೊತೆಗೆ ಇಟ್ಟುಕೊಳ್ಳಲು ಅನ್ಯಾಯದ ಬಗ್ಗೆ ಸುಮ್ನೆ ಇರಬೇಕು ಎಂದಾದರೆ ಆ ಜೊತೆ ಯಾರಿಗೆ ಬೇಕು? ತುರ್ತು ಪರಿಸ್ಥಿತಿ ಬಂದಾಗಲೂ ಥಾಮಸ್ ಅವರು ಬರೆದರು, ಎದುರು ಮಾತಾಡಿದರು. ಸಭೆಗಳ ನಾಯಕರಲ್ಲಿ ಬಹಳ ಜನ ಬಾಯಿ ಮುಚ್ಚಿಕೊಂಡಿದ್ದ ಹೊತ್ತು ಅದು.

ಆದರೆ ಆಫ್ರಿಕಾದ ವರ್ಣಭೇದ ನಮಗೆ ದೂರದ್ದು. ಹತ್ತಿರದ್ದನ್ನು ಹೇಳಲು ಇನ್ನೂ ಹೆಚ್ಚು ಧೈರ್ಯ ಬೇಕಾಯಿತು. 1981ರಲ್ಲಿ ಅದೇ ಮಿಲ್ಲರ್ಸ್ ರೋಡಿನ ಕಾಲೇಜಿನಲ್ಲಿ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಒಂದು ಭಾಷಣ ಮಾಡಿದರು. ಇಲ್ಲಿಯವರೆಗೆ ನಮ್ಮ ದೇವಶಾಸ್ತ್ರವೆಲ್ಲ ಮೇಲ್ಜಾತಿಯ ಮಾತಿನಲ್ಲಿ, ಮೇಲ್ಜಾತಿಯ ಪ್ರಶ್ನೆಗಳಿಗೆ ಉತ್ತರ ಹೇಳುವುದರಲ್ಲೇ ಕಳೆಯಿತು. ಸಭೆಯಲ್ಲಿ ಕೂತಿರುವ ಜನರಲ್ಲಿ ದೊಡ್ಡ ಪಾಲು ದಲಿತರು. ಅವರ ನೋವಿಗೆ ನಮ್ಮ ಪುಸ್ತಕಗಳಲ್ಲಿ ಜಾಗ ಎಲ್ಲಿದೆ? ಅವರ ಪ್ರಶ್ನೆ ಇದು. ದಲಿತ ದೇವಶಾಸ್ತ್ರ ಎಂದು ಇವತ್ತು ಲೋಕವೆಲ್ಲ ಓದುವ ವಿಷಯ ಚಿಗುರಿದ್ದು ಅಲ್ಲಿಂದ.

1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ಗೊತ್ತಿರುವುದೇ. ಪರಿಶಿಷ್ಟ ಜಾತಿ ಎಂದರೆ ಹಿಂದೂಗಳು ಮಾತ್ರ ಎಂದಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಇವತ್ತಿಗೂ ಹೊರಗೆ. ಈ ಒಂದು ವಿಷಯದಲ್ಲಿ ಕ್ಯಾಥೊಲಿಕ್ ಬಿಷಪರ ಮಂಡಳಿ ಮತ್ತು ಎನ್‌ಸಿಸಿಐ ಕೈ ಕೈ ಹಿಡಿದು ನಿಂತಿವೆ. ಪ್ರತಿ ನವೆಂಬರ್‌ನ ಎರಡನೇ ಭಾನುವಾರವನ್ನು ದಲಿತ ವಿಮೋಚನಾ ಭಾನುವಾರ ಎಂದು ಇಬ್ಬರೂ ಆಚರಿಸುತ್ತಾರೆ. ಒಳ್ಳೆಯದೇ. ಆದರೆ ಸರ್ಕಾರವನ್ನು ಕೇಳುವ ಬಾಯಿಂದಲೇ ನಮ್ಮನ್ನೂ ಕೇಳಿಕೊಳ್ಳಬೇಕಲ್ವಾ? ತಮಿಳುನಾಡಿನ ಕೆಲವು ಊರುಗಳಲ್ಲಿ ಸಭೆಯ ಸಮಾಧಿ ಜಾಗದಲ್ಲೇ ಜಾತಿಗೊಂದು ಗೋಡೆ ಇದ್ದದ್ದು ಎಲ್ಲರಿಗೂ ತಿಳಿದ ವಿಷಯ. ಸಭೆಯ ಒಳಗೆ ಅಸ್ಪೃಶ್ಯತೆ ಇದೆ ಎಂದು 2016ರಲ್ಲಿ ಕ್ಯಾಥೊಲಿಕ್ ಬಿಷಪರ ಮಂಡಳಿ ಬರವಣಿಗೆಯಲ್ಲೇ ಒಪ್ಪಿಕೊಂಡಿತು. ಆ ಒಪ್ಪಿಗೆಗೆ ನಾನು ತಲೆ ಬಾಗುತ್ತೇನೆ. ನಮ್ಮಲ್ಲಿ ಗೋಡೆ ಕಾಣುವುದಿಲ್ಲ. ಮದುವೆ ಮಾತುಕತೆಯಲ್ಲಿ, 'ಅವರು ಮೂಲತಃ ಯಾವ ಕಡೆಯವರು?' ಎಂದು ಮೆತ್ತಗೆ ಕೇಳುವಾಗ ಕಾಣುತ್ತದೆ.

ಹೆದರಿಕೆಯಿಂದ ಬಂದ ಒಗ್ಗಟ್ಟು

ಒಂದು ಸಲ ಮಾತ್ರ ನಮ್ಮೂರಿನಲ್ಲಿ ಎಲ್ಲ ಸಭೆಗಳೂ ಒಂದೇ ದಿನದಲ್ಲಿ ಒಂದಾದದ್ದನ್ನು ನೋಡಿದ್ದೇನೆ. 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನಲ್ಲಿ ನ್ಯೂ ಲೈಫ್ ಎಂಬ ಹೊಸ ಸ್ವತಂತ್ರ ಸಭೆಯವರ ಪ್ರಾರ್ಥನಾ ಮಂದಿರಗಳ ಮೇಲೆ, ಮಿಲಾಗ್ರಿಸ್ ಹತ್ತಿರದ ಅಡೋರೇಶನ್ ಕಾನ್ವೆಂಟಿನ ಮೇಲೆ ದಾಳಿ ನಡೆಯಿತು. ಅಲ್ಲಿಯವರೆಗೆ ನ್ಯೂ ಲೈಫ್‌ನವರು ಅಂದರೆ ನಮಗೂ ಅಷ್ಟಕ್ಕಷ್ಟೇ, ಕ್ಯಾಥೊಲಿಕರಿಗೂ ಅಷ್ಟಕ್ಕಷ್ಟೇ. ನಮ್ಮ ಸಭೆಯ ಜನರನ್ನು ಎಳೆದುಕೊಳ್ಳುತ್ತಾರೆ ಎಂದು ದೂರುತ್ತಿದ್ದೆವು. ಆ ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಮನೆಯ ಅಂಗಳದಲ್ಲಿ ಮೂರು ಸಭೆಯವರು ಕೂತಿದ್ದಾರೆ, ಚಾ ಮಾಡ್ತಾ ಇದ್ದೇನೆ ಎಂದಳು. ಪಕ್ಕದ ಮನೆಯ ಹಿಂದೂ ಮಾಸ್ತರು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ, ರಾತ್ರಿ ಹನ್ನೊಂದರವರೆಗೆ.

ಆ ಒಗ್ಗಟ್ಟು ಕೆಲವು ತಿಂಗಳು ಇತ್ತು. ಜಂಟಿ ಸಭೆಗಳಾದವು, ಮನವಿಗಳು ಹೋದವು. ಆಮೇಲೆ ಮೆಲ್ಲನೆ ಕರಗಿತು. ಹೆದರಿಕೆ ಹತ್ತಿರ ತರುತ್ತದೆ, ಹಿಡಿದಿಡುವುದಿಲ್ಲ. ಆ ಮಾಸ್ತರರು ಮಾತ್ರ ಈಗಲೂ ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳ) ತಟ್ಟೆ ಬರುವುದು ತಡವಾದರೆ ಗೇಟಿನಿಂದಲೇ ಅಮ್ಮನನ್ನು ಕೂಗಿ ಕೇಳುತ್ತಾರೆ. ಅವರ ಜೊತೆಗಿನ ಸ್ನೇಹಕ್ಕೆ ಆ ಭಾನುವಾರ ಬೇಕಾಗಿರಲಿಲ್ಲ. ಅದಕ್ಕಿಂತ ಇಪ್ಪತ್ತು ವರ್ಷ ಹಿಂದೆಯೇ ಅದು ಇತ್ತು.

ಮುಂದಿನ ಜನವರಿ

ಹೋದ ಅಕ್ಟೋಬರ್‌ನಲ್ಲಿ ನಮ್ಮ ಕಡೆಯ ಸಭೆಗಳ ಐಕ್ಯತಾ ವಾರದ ತಯಾರಿ ಸಭೆಗೆ ಹೋಗಿದ್ದೆ. ಎಂಟು ದಿನ, ಎಂಟು ದೇವಾಲಯ. ಪಟ್ಟಿಯಲ್ಲಿ ಇದ್ದದ್ದು ಯಾವಾಗಲೂ ಇರುವ ದೊಡ್ಡ ದೇವಾಲಯಗಳೇ. ಮೈಕ್ ಚೆನ್ನಾಗಿದೆ, ಕಾರು ನಿಲ್ಲಿಸಲು ಜಾಗ ಇದೆ. ನಾನು ಕೈ ಎತ್ತಿ, ಪೌರಕಾರ್ಮಿಕರ ಕಾಲೊನಿಯೊಂದರಲ್ಲಿ ಇರುವ ಚಿಕ್ಕ ಸಭೆಯ ಹೆಸರು ಹೇಳಿದೆ. ಒಂದು ಸಂಜೆ ಅಲ್ಲಿ ಇಡೋಣ ಎಂದೆ. ಯಾರೂ ಬೇಡ ಎನ್ನಲಿಲ್ಲ. ಜಾಗ ಸಾಲುತ್ತದೆಯೇ ಎಂದು ಒಬ್ಬರು ಕೇಳಿದರು. ವಯಸ್ಸಾದವರು ಅಷ್ಟು ದೂರ ನಡೆಯಬೇಕಾಗುತ್ತದೆ ಎಂದು ಇನ್ನೊಬ್ಬರು. ಆಮೇಲೆ ಒಬ್ಬ ಫಾದರ್, "ನಾವೇ ಅವರನ್ನು ಕರೆಯುತ್ತೇವೆ, ಅವರು ನಮ್ಮನ್ನು ಕರೆಯುವುದು ಯಾವಾಗ?" ಎಂದರು. ಹೋಗಿ ಕೇಳಿಕೊಂಡು ಬನ್ನಿ ಎಂದು ಸಭೆ ನನಗೆ ಹೇಳಿತು.

ದೊಡ್ಡಮ್ಮನ ಕಿರಿಯ ಮಗಳನ್ನು ಜೊತೆಗೆ ಕರೆದುಕೊಂಡು ಹೋದೆ. ಅವಳೂ ಈಗ ಬೆಂಗಳೂರಿನಲ್ಲೇ ಇದ್ದಾಳೆ. ಭಾನುವಾರ ಬೆಳಿಗ್ಗೆ, ಅವಳ ಪೂಜೆ ಮುಗಿದ ಮೇಲೆ. ಶೀಟಿನ ಮಾಡಿನ ಒಂದು ಹಾಲ್, ನೀಲಿ ಬಣ್ಣದ ಗೋಡೆ, ಗೋಡೆಯ ಮೇಲೆ ಮಕ್ಕಳು ಬರೆದ ವಾಕ್ಯಗಳು. ಆರಾಧನೆ ಆಗಷ್ಟೇ ಶುರುವಾಗಿತ್ತು. ಮುಂದೆ ನಾಲ್ಕು ಬೆಂಚು, ಉಳಿದವರೆಲ್ಲ ನೆಲದ ಮೇಲೆ. ಬೆಂಚಿನಲ್ಲಿದ್ದ ಇಬ್ಬರು ಎದ್ದು ನಮಗೆ ಜಾಗ ಬಿಡಲು ಬಂದರು. ನಾವು ಬೇಡ ಎಂದು ಹೆಂಗಸರ ನಡುವೆ ನೆಲದ ಮೇಲೆ ಕೂತೆವು. ಕರ್ತನ ಪ್ರಾರ್ಥನೆ ಬಂದಾಗ ನನ್ನ ತಂಗಿ 'ನಿಮ್ಮ' ಎಂದು ಶುರು ಮಾಡಿ, ನಿಲ್ಲಿಸಿ, ನಮ್ಮ ಜೊತೆ 'ನಿನ್ನ' ಎಂದಳು. ಕೊನೆಯ ಬಾಲವನ್ನೂ ಪೂರ್ತಿ ಹೇಳಿದಳು. ಅವಳಮ್ಮನ ಬಾಯಿಂದ ಎಷ್ಟು ಸಲ ಕೇಳಿರಬೇಕು ಅದನ್ನು.

ಆಮೇಲೆ ಸಭಾಪಾಲಕರ ಹೆಂಡತಿ ಸ್ಟೀಲ್ ಲೋಟದಲ್ಲಿ ಟೀ ತಂದುಕೊಟ್ಟರು. ನಾವು ಬಂದ ವಿಷಯ ಹೇಳಿದೆವು. ಅವರು ಗಂಡನ ಮುಖ ನೋಡಿದರು, ಆಮೇಲೆ ಹಾಲಿನ ಉದ್ದಗಲ ನೋಡಿದರು.

"ಎಷ್ಟು ಜನ ಬರ್ತೀರಿ ಅಂತ ಮೊದಲೇ ಹೇಳಿ ಅಕ್ಕಾ. ಬೆಂಚು ಸಾಲಲ್ಲ. ಎಲ್ಲಾ ತೆಗೆದು ಹೊರಗಿಟ್ಟು ಜಮಖಾನ ಹಾಸಿಬಿಡ್ತೀವಿ."